ಹಾಡಿಯ ಕೆಲಸಕ್ಕೆ ಕಿರು ಅನುದಾನ: ಅರ್ಜಿಗೂ ಮೊದಲು ಆಗಬೇಕಾದದ್ದು

ಹೆಗ್ಗಡದೇವನಕೋಟೆ ಕಡೆಯ ಒಂದು ಜೇನುಕುರುಬರ ಹಾಡಿಯಲ್ಲಿ ಊಟದೆಲೆ ಒತ್ತುವ ಯಂತ್ರವೊಂದು ಟಾರ್ಪಾಲು ಹೊದ್ದು ಮೂಲೆಯಲ್ಲಿ ನಿಂತಿದ್ದನ್ನು ನೋಡಿದ್ದೇನೆ. ಅದು ಬಂದು ನಾಲ್ಕು ವರ್ಷವಾಗಿತ್ತು. ಓಡಿದ್ದು ಉದ್ಘಾಟನೆಯ ದಿನ ಮಾತ್ರ, ಅದೂ ಬಾಡಿಗೆಗೆ ತಂದ ಜನರೇಟರಿನಲ್ಲಿ. ಆ ಹಾಡಿಗೆ ತ್ರೀಫೇಸ್ ಕರೆಂಟೇ ಇರಲಿಲ್ಲ. ಯಂತ್ರ ಕೊಟ್ಟ ಸಂಸ್ಥೆಯವರ ಮನಸ್ಸು ಒಳ್ಳೆಯದೇ ಇತ್ತು, ದುಡ್ಡಿಗೂ ಲೆಕ್ಕವಿತ್ತು. ಪಕ್ಕದಲ್ಲಿ ಕೂತಿದ್ದ ಹಿರಿಯಾಕೆ ಹೇಳಿದ್ದು ಇಷ್ಟೆ: ‘ಕೇಳಿದ್ರೆ ಹೇಳ್ತಿದ್ವಿ ಅಣ್ಣಾ, ನಮಗೆ ಬೇಕಾಗಿದ್ದು ಜೇನು ಹಾಕಿಡೋಕೆ ಒಳ್ಳೆ ಡಬ್ಬಿ.’

ಆದಿವಾಸಿ ಸಮುದಾಯಗಳ ಸಣ್ಣ ಕೆಲಸಗಳಿಗೆ ಅನುದಾನ ಕೊಡುವವರು ಇದ್ದಾರೆ. ಸರ್ಕಾರದಲ್ಲಿ ಇದ್ದಾರೆ, ಬ್ಯಾಂಕುಗಳಲ್ಲಿ ಇದ್ದಾರೆ, ವಿಶ್ವಸಂಸ್ಥೆಯಲ್ಲೂ ಇದ್ದಾರೆ. ಆ ಹಣ ಹಾಡಿಯವರೆಗೆ ಬಂದು ಕೆಲಸಕ್ಕೆ ಒದಗಬೇಕಾದರೆ ಏನೇನು ಆಗಬೇಕು ಎಂದು ತಿಳಿಸುವುದು ಈ ಬರಹದ ಉದ್ದೇಶ. ಹಾಡಿ, ಪೋಡು, ಕೊಪ್ಪ ಎಂದು ಕರೆಯುವ ಆದಿವಾಸಿ ನೆಲೆಗಳಲ್ಲಿ ಓದಿಕೊಂಡು ಮುಂದೆ ಬಂದಿರುವ ಹುಡುಗ ಹುಡುಗಿಯರನ್ನೂ, ಸ್ವಸಹಾಯ ಸಂಘ ನಡೆಸುವ ಹೆಂಗಸರನ್ನೂ, ಅವರ ಜೊತೆ ನಿಂತಿರುವ ಸಣ್ಣ ಸಂಸ್ಥೆಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಅರ್ಜಿ ಬರೆಯುವುದು ಈ ಕೆಲಸದಲ್ಲಿ ಕೊನೆಗೆ ಬರುವುದು. ನಮ್ಮಲ್ಲಿ ಎಲ್ಲರೂ ಅಲ್ಲಿಂದಲೇ ಶುರುಮಾಡುತ್ತಾರೆ.

ಮೊದಲು ಹಾಡಿ ಕೂರಬೇಕು

2007ರ ಸೆಪ್ಟೆಂಬರ್ 13ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಆದಿವಾಸಿ ಜನರ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿತು. ಭಾರತವೂ ಅದರ ಪರವಾಗಿ ಮತ ಹಾಕಿತು. ಆ ಘೋಷಣೆಯ ಜೀವಾಳ ಒಪ್ಪಿಗೆಯ ತತ್ವ: ಕೆಲಸ ಶುರುವಾಗುವ ಮೊದಲೇ, ಯಾರ ಒತ್ತಾಯವೂ ಇಲ್ಲದೆ, ಎಲ್ಲ ವಿಷಯ ತಿಳಿದುಕೊಂಡು ಸಮುದಾಯ ಹೇಳುವ ಹೂಂ. ಬೇಡ ಅನ್ನುವ ಅಧಿಕಾರವೂ ಅದರಲ್ಲೇ ಸೇರಿದೆ. ಇವತ್ತು ಹೊರದೇಶದ ಬಹುತೇಕ ಕಿರು ಅನುದಾನಗಳು ಈ ಒಪ್ಪಿಗೆಯ ದಾಖಲೆ ಕೇಳುತ್ತವೆ. ಕೇಳಲಿ ಬಿಡಲಿ, ಅದಿಲ್ಲದೆ ಹೊರಟ ಕೆಲಸ ಟಾರ್ಪಾಲಿನ ಕೆಳಗೆ ಸೇರುತ್ತದೆ.

ಸಭೆಯನ್ನು ಯಾವಾಗ ಕರೆಯುತ್ತೀರಿ ಎನ್ನುವುದೂ ಮುಖ್ಯ. ಡಿಸೆಂಬರಿನಿಂದ ಫೆಬ್ರವರಿವರೆಗೆ ಎಷ್ಟೋ ಹಾಡಿಗಳ ಜನ ಕಾಫಿ ಕೊಯ್ಲಿಗೆ ಕೊಡಗಿನ ತೋಟಗಳಿಗೆ ಹೋಗಿರುತ್ತಾರೆ. ಆಗ ಸಭೆ ಕರೆದರೆ ಬರುವವರು ಮುದುಕರು ಮತ್ತು ಮಕ್ಕಳು. ಹಗಲಿನಲ್ಲಿ ಕರೆದರೆ ಕೂಲಿಗೆ ಹೋದ ಹೆಂಗಸರು ಇರುವುದಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ, ಹಾಡಿಯಲ್ಲೇ, ಯಜಮಾನರನ್ನು ಮುಂದೆ ಕೂರಿಸಿಕೊಂಡು ಮಾತಾಡಬೇಕು. ಒಂದೇ ಸಭೆಗೆ ಮುಗಿಯುವುದಿಲ್ಲ. ಮೊದಲ ಸಲ ಜನ ಬೇಕಾದ್ದೆಲ್ಲ ಪಟ್ಟಿ ಮಾಡುತ್ತಾರೆ: ರಸ್ತೆ, ಮನೆ, ನೀರು, ಆನೆ ಕಂದಕ. ಅದರಲ್ಲಿ ಸರ್ಕಾರ ಮಾಡಲೇಬೇಕಾದದ್ದು ಯಾವುದು, ಹಾಡಿ ತಾನೇ ಮಾಡಿಕೊಳ್ಳಬಹುದಾದ ಸಣ್ಣ ಕೆಲಸ ಯಾವುದು ಎಂದು ಎರಡನೇ ಸಲ ಬೇರೆ ಮಾಡಬೇಕು. ಕಿರು ಅನುದಾನ ಕೇಳಬೇಕಾದದ್ದು ಆ ಎರಡನೆಯದಕ್ಕೆ. ರಸ್ತೆಗೆ, ಮನೆಗೆ ದಾನಿಗಳ ಹತ್ತಿರ ಕೈಚಾಚುವುದು ಸರಿಯಲ್ಲ, ಅವು ಹಕ್ಕಿನಿಂದ ಬರಬೇಕಾದವು.

ಸಭೆಯ ನಡಾವಳಿ ಬರೆದಿಡಿ, ಬರೆದದ್ದನ್ನು ಓದಿ ಹೇಳಿ, ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ. ಅರಣ್ಯ ಹಕ್ಕು ಕಾಯ್ದೆಯ ನಿಯಮಗಳ ಪ್ರಕಾರ ಗ್ರಾಮಸಭೆಗೆ ಕನಿಷ್ಠ ಅರ್ಧದಷ್ಟು ಸದಸ್ಯರು ಬಂದಿರಬೇಕು, ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಅನುದಾನದ ಸಭೆಗೂ ಇದೇ ಅಳತೆ ಇಟ್ಟುಕೊಂಡರೆ ನಾಳೆ ಯಾರೂ ಬೆರಳು ತೋರಿಸುವುದಿಲ್ಲ. ಕರ್ನಾಟಕದಲ್ಲಿ ಸಂವಿಧಾನದ ಐದನೇ ಅನುಸೂಚಿಗೆ ಸೇರಿದ ಪ್ರದೇಶಗಳಿಲ್ಲ, ಹಾಗಾಗಿ ಅಂಥ ಪ್ರದೇಶಗಳ ಗ್ರಾಮಸಭೆಗೆ ಅಧಿಕಾರ ಕೊಡುವ ಪೆಸಾ ಕಾಯ್ದೆ ಇಲ್ಲಿಗೆ ಬರುವುದಿಲ್ಲ. ಹಾಡಿ ಮಟ್ಟದ ಗ್ರಾಮಸಭೆಗೆ ನಮ್ಮಲ್ಲಿ ಬಲ ಕೊಟ್ಟಿರುವುದು 2006ರ ಅರಣ್ಯ ಹಕ್ಕು ಕಾಯ್ದೆಯೇ. ಆ ಗ್ರಾಮಸಭೆಯ ಠರಾವನ್ನು ಬರಿಯ ಕಾಗದ ಅಂದುಕೊಳ್ಳಬೇಡಿ.

ಹಕ್ಕುಪತ್ರದ ಬಲ

ಬಿಳಿಗಿರಿರಂಗನಬೆಟ್ಟದ ಸೋಲಿಗರ ಕತೆ ಇಲ್ಲಿ ಪಾಠವಾಗುತ್ತದೆ. ಜೇನು, ನೆಲ್ಲಿ, ಸೀಗೆ, ಪಾಚಿ ಇವೇ ಅವರ ಬದುಕಾಗಿತ್ತು. ಅಭಯಾರಣ್ಯದಲ್ಲಿ ಇವನ್ನು ಮಾರಾಟಕ್ಕಾಗಿ ಸಂಗ್ರಹಿಸುವುದಕ್ಕೆ 2000ದ ದಶಕದ ಮಧ್ಯದಲ್ಲಿ ತಡೆ ಬಿತ್ತು. ಅಷ್ಟು ಹೊತ್ತಿಗೆ ಅಲ್ಲಿ ಸಂಸ್ಕರಣೆಯ ಅನುಭವವಿತ್ತು, ಲ್ಯಾಂಪ್ಸ್ ಎಂಬ ಆದಿವಾಸಿ ಸಹಕಾರ ಸೊಸೈಟಿ ಇತ್ತು, ಜೊತೆಗೆ ನಿಂತ ಸಂಸ್ಥೆಗಳಿದ್ದವು. ಇಲ್ಲವಾದದ್ದು ಕಾಡಿಗೆ ಕೈಹಾಕುವ ಹಕ್ಕು. ಸೋಲಿಗರು ತಮ್ಮ ದೇವರ ತಾಣ, ಕಲ್ಲುಗುಡಿ, ಸಮಾಧಿಗಳಿರುವ ನೂರಾರು ಜಾಗಗಳನ್ನು ಸಂಶೋಧಕರ ಜೊತೆ ನಡೆದು ನಕ್ಷೆಗೆ ಇಳಿಸಿದರು. 2011ರಲ್ಲಿ ಅಲ್ಲಿನ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಇಂಥ ಹಕ್ಕು ಮಾನ್ಯವಾದದ್ದು ದೇಶದಲ್ಲಿ ಅದೇ ಮೊದಲು.

ಹೀಗೆ ಊರಿನ ಹಿರಿಯರ ಜೊತೆ ನಡೆದು ನಕ್ಷೆ ಮಾಡುವುದು ಕಿರು ಅನುದಾನಕ್ಕೆ ಹೇಳಿ ಮಾಡಿಸಿದ ಕೆಲಸ. ಕಟ್ಟಡ ಬೇಡ, ಯಂತ್ರ ಬೇಡ. ಒಂದು ಜಿಪಿಎಸ್, ನಡೆಯುವವರಿಗೆ ದಿನಗೂಲಿ, ಊಟ, ಬರೆದಿಡಲು ಒಬ್ಬ ಹುಡುಗಿ ಇದ್ದರೆ ಸಾಕು. ಅದರಿಂದ ಬರುವ ದಾಖಲೆ ಮುಂದಿನ ಎಲ್ಲ ಅರ್ಜಿಗಳಿಗೂ ಆಧಾರವಾಗುತ್ತದೆ. ನನ್ನನ್ನು ಕೇಳಿದರೆ ಮೊದಲ ಅನುದಾನವನ್ನು ಇದಕ್ಕೇ ಕೇಳಿ ಎನ್ನುತ್ತೇನೆ.

ಕಾಡಿನ ಉತ್ಪನ್ನದ ಯೋಜನೆಯಾದರೆ ಅರಣ್ಯ ಹಕ್ಕು ಕಾಯ್ದೆಯ ಮೂರನೇ ಸೆಕ್ಷನ್ನಿನ ಹಕ್ಕು ನಿಮ್ಮ ಹಾಡಿಗೆ ಮಾನ್ಯವಾಗಿದೆಯೇ ನೋಡಿಕೊಳ್ಳಿ. ವೈಯಕ್ತಿಕ ಹಕ್ಕಿಗೆ ನಮೂನೆ ‘ಎ’, ಸಮುದಾಯ ಹಕ್ಕಿಗೆ ‘ಬಿ’, ಸಮುದಾಯ ಅರಣ್ಯ ಸಂಪನ್ಮೂಲಕ್ಕೆ ‘ಸಿ’. ಮನೆ ಜಮೀನಿನ ಹಕ್ಕುಪತ್ರ ಬಂದಿದ್ದರೆ ಜೇನಿನ ಹಕ್ಕೂ ಬಂದಂತೆ ಎಂದು ತಿಳಿದು ಮೋಸಹೋದವರನ್ನು ಕಂಡಿದ್ದೇನೆ. ಸಮುದಾಯ ಭವನ, ಅಂಗನವಾಡಿ, ಕುಡಿಯುವ ನೀರಿನ ಕೆಲಸವಾದರೆ ಅದೇ ಸೆಕ್ಷನ್ನಿನ ಎರಡನೇ ಉಪವಿಧಿ ನೆರವಿಗೆ ಬರುತ್ತದೆ. ಇಂಥ 13 ಬಗೆಯ ಸಾರ್ವಜನಿಕ ಸೌಲಭ್ಯಗಳಿಗೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿಯನ್ನು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯದಂತೆ, ಗ್ರಾಮಸಭೆಯ ಶಿಫಾರಸಿನ ಮೇಲೆ ಬಿಟ್ಟುಕೊಡಲು ಅವಕಾಶವಿದೆ. ಈ ಅನುಮತಿ ಕೈಯಲ್ಲಿಲ್ಲದೆ ಕಟ್ಟಡಕ್ಕೆ ಅನುದಾನ ಪಡೆದರೆ ತಳಪಾಯದ ಹಂತದಲ್ಲೇ ಕೆಲಸ ನಿಂತು, ಹಣ ವಾಪಸು ಹೋಗುತ್ತದೆ.

ಹಣ ಯಾರ ಹೆಸರಿಗೆ

ಹಾಡಿಯ ಹೆಸರಿಗೆ ಯಾರೂ ಚೆಕ್ ಬರೆಯುವುದಿಲ್ಲ. ಅದಕ್ಕೊಂದು ರೂಪ ಬೇಕು. ತೀರ ಸರಳವಾದದ್ದು ಸ್ವಸಹಾಯ ಸಂಘ. ಬ್ಯಾಂಕ್ ಖಾತೆ, ಉಳಿತಾಯದ ಪುಸ್ತಕ, ನಡಾವಳಿ ಪುಸ್ತಕ ಇದ್ದರೆ ರಾಜ್ಯದ ಸಂಜೀವಿನಿ ಯೋಜನೆಯ ಸುತ್ತುನಿಧಿ, ಸಮುದಾಯ ಬಂಡವಾಳ ನಿಧಿಗಳಂಥವು ಇದರ ಮೂಲಕವೇ ಬರುತ್ತವೆ. ಇನ್ನೂ ಸ್ವಲ್ಪ ದೊಡ್ಡ ಹಣಕ್ಕೆ ನೋಂದಾಯಿತ ಸಂಘ ಬೇಕು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿಯಲ್ಲಿ ಏಳು ಜನ ಸೇರಿದರೆ ಸಾಕು. ಮಾರಾಟವೇ ಗುರಿಯಾದರೆ ಉತ್ಪಾದಕರ ಕಂಪನಿ ಮಾಡಬಹುದು, ಹತ್ತು ಜನ ಉತ್ಪಾದಕರು ಬೇಕು. ನೀಲಗಿರಿಯ ಆದಿವಾಸಿಗಳು ಕಟ್ಟಿದ ‘ಆದಿಮಲೈ ಪಳಂಗುಡಿಯಿನರ್’ ಉತ್ಪಾದಕರ ಕಂಪನಿ ಜೇನು, ಕಾಫಿ, ರಾಗಿ ಮಾರುತ್ತ ಬೆಳೆದು 2021ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಪಡೆಯಿತು. ಅದೇ ವರ್ಷ ನಮ್ಮ ಹೊನ್ನಾವರದ ಸ್ನೇಹಕುಂಜ ಟ್ರಸ್ಟಿಗೂ ಆ ಪ್ರಶಸ್ತಿ ಬಂತು.

ಆದರೆ ಆತುರ ಬೇಡ. ಕಂಪನಿ ಎಂದಮೇಲೆ ವರ್ಷವರ್ಷವೂ ಲೆಕ್ಕಪತ್ರ ಸಲ್ಲಿಸಬೇಕು, ತಪ್ಪಿದರೆ ದಂಡ ಕಟ್ಟಬೇಕು. ಎರಡು ವರ್ಷ ಸ್ವಸಹಾಯ ಸಂಘವಾಗಿ ಹಣ ಸರಿಯಾಗಿ ನಡೆಸಿ, ಆಮೇಲೆ ಮುಂದಿನ ಮೆಟ್ಟಿಲು ಹತ್ತುವುದು ಒಳ್ಳೆಯದು. ಅಲ್ಲಿಯವರೆಗೆ ದೊಡ್ಡ ಅನುದಾನ ಬೇಕಿದ್ದರೆ ನಂಬಿಕೆಯ ಸಂಸ್ಥೆಯೊಂದರ ಮೂಲಕ ಪಡೆಯಬಹುದು. ಆಗ ಒಂದು ಕರಾರು ಪತ್ರ ಕಡ್ಡಾಯ. ಹಣದಲ್ಲಿ ಸಂಸ್ಥೆಯ ಆಡಳಿತ ಖರ್ಚಿಗೆ ಎಷ್ಟು, ಹಾಡಿಗೆ ಎಷ್ಟು, ಖರೀದಿ ಯಾರ ತೀರ್ಮಾನ, ಸಾಮಾನು ಕೊನೆಗೆ ಯಾರದು ಎಂಬುದನ್ನು ಕನ್ನಡದಲ್ಲಿ ಬರೆದು, ಸಭೆಯಲ್ಲಿ ಓದಿ, ಎರಡೂ ಕಡೆಯವರು ಸಹಿ ಹಾಕಬೇಕು. ಸಂಕೋಚ ಪಟ್ಟುಕೊಂಡು ಇದನ್ನು ಬಿಟ್ಟ ಕಡೆಯಲ್ಲೆಲ್ಲ ಕೊನೆಗೆ ಮನಸ್ತಾಪವೇ ಉಳಿದಿದೆ.

ಯಾವ ಬಾಗಿಲು ತಟ್ಟಬೇಕು

ಹತ್ತಿರದ ಬಾಗಿಲನ್ನೇ ಮೊದಲು ತಟ್ಟಿ. ಸಮಗ್ರ ಗಿರಿಜನ ಅಭಿವೃದ್ಧಿ ಯೋಜನೆಯ ಕಚೇರಿ ಅಥವಾ ಪರಿಶಿಷ್ಟ ಪಂಗಡಗಳ ಕಲ್ಯಾಣ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ವನಧನ ವಿಕಾಸ ಕೇಂದ್ರದ ಬಗ್ಗೆ ವಿಚಾರಿಸಿ. 2018ರಲ್ಲಿ ಶುರುವಾದ ಈ ಯೋಜನೆಯಲ್ಲಿ ತಲಾ 20 ಜನರ 15 ಸ್ವಸಹಾಯ ಸಂಘಗಳು, ಅಂದರೆ 300 ಜನ, ಒಂದು ಕೇಂದ್ರವಾಗಿ ಸೇರಿದರೆ 15 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಕಾಡಿನ ಉತ್ಪನ್ನವನ್ನು ಹಸಿಯಾಗಿ ಮಾರದೆ ಶುಚಿ ಮಾಡಿ, ಸಂಸ್ಕರಿಸಿ, ಪ್ಯಾಕ್ ಮಾಡಿ ಮಾರಬೇಕೆಂಬುದು ಅದರ ಉದ್ದೇಶ. ಜೇನುಕುರುಬರು ಮತ್ತು ಕೊರಗರು ಕರ್ನಾಟಕದ ಎರಡು ವಿಶೇಷ ದುರ್ಬಲ ಬುಡಕಟ್ಟುಗಳು. 2023ರ ನವೆಂಬರ್ 15ರಂದು ಆರಂಭವಾದ ಪಿಎಂ ಜನ್‌ಮನ್ ಯೋಜನೆ ದೇಶದ ಇಂಥ 75 ಸಮುದಾಯಗಳಿಗೆಂದೇ ಇರುವುದು. ಮನೆ, ರಸ್ತೆಗಳ ಜೊತೆಗೆ ವನಧನ ಕೇಂದ್ರ, ಬಹೂಪಯೋಗಿ ಕೇಂದ್ರಗಳೂ ಅದರಲ್ಲಿ ಸೇರಿವೆ. ನಿಮ್ಮ ಹಾಡಿ ಆ ಯೋಜನೆಯ ಪಟ್ಟಿಯಲ್ಲಿದೆಯೇ ಎಂದು ಲಿಖಿತವಾಗಿ ಕೇಳಿ, ಉತ್ತರವನ್ನೂ ಲಿಖಿತವಾಗಿಯೇ ಪಡೆಯಿರಿ.

ಜಮೀನಿನ ಹಕ್ಕುಪತ್ರ ಸಿಕ್ಕಿರುವ ಕುಟುಂಬಗಳಿಗೆ ನಬಾರ್ಡಿನ ಬುಡಕಟ್ಟು ಅಭಿವೃದ್ಧಿ ನಿಧಿ ಇದೆ. ಗುಜರಾತಿನ ವಾಂಸ್ದಾದಲ್ಲಿ ಬೈಫ್ ಸಂಸ್ಥೆ ರೂಪಿಸಿದ ‘ವಾಡಿ’ ಮಾದರಿಯಲ್ಲಿ, ಸುಮಾರು ಒಂದು ಎಕರೆಯಲ್ಲಿ ಹಣ್ಣಿನ ಗಿಡ, ಅದರ ನಡುವೆ ಬೆಳೆ, ಸುತ್ತ ಬೇಲಿಮರ ಬೆಳೆಸುವುದಕ್ಕೆ ನೆರವು ಬರುತ್ತದೆ. ಇದು ಸಂಸ್ಥೆಯೊಂದರ ಮೂಲಕ ಬರುವುದರಿಂದ ನಬಾರ್ಡಿನ ಜಿಲ್ಲಾ ಅಭಿವೃದ್ಧಿ ವ್ಯವಸ್ಥಾಪಕರನ್ನು ನೇರವಾಗಿ ಕಂಡು ಕೇಳುವುದು ವಾಸಿ. ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆಂದು 2002ರ ಜೀವವೈವಿಧ್ಯ ಕಾಯ್ದೆ ಹೇಳುತ್ತದೆ. ಗೆಡ್ಡೆಗೆಣಸು, ಔಷಧಿ ಗಿಡಗಳ ದಾಖಲೆಯ ಕೆಲಸಕ್ಕೆ ಅಲ್ಲಿ ಕೇಳಬಹುದು. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿಗೆ ಹೋಗಬೇಕಾದರೆ ಸಂಸ್ಥೆಗೆ ಮೂರು ವರ್ಷದ ಕೆಲಸದ ದಾಖಲೆ, ಆದಾಯ ತೆರಿಗೆಯ 12ಎ ಮತ್ತು 80ಜಿ ನೋಂದಣಿ, ಸಿಎಸ್ಆರ್-1 ಸಂಖ್ಯೆ ಇರಬೇಕು. ಇವು ಇಲ್ಲದವರು ಅಲ್ಲಿ ಸಮಯ ಕಳೆಯುವುದು ಬೇಡ.

ಇನ್ನು ಹೊರಗಿನ ಹಣ. 1992ರಲ್ಲಿ, ರಿಯೊ ಭೂಶೃಂಗಸಭೆ ನಡೆದ ವರ್ಷವೇ, ಜಾಗತಿಕ ಪರಿಸರ ನಿಧಿಯ ಕಿರು ಅನುದಾನ ಕಾರ್ಯಕ್ರಮ ಶುರುವಾಯಿತು. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಇದನ್ನು ನೂರಕ್ಕೂ ಹೆಚ್ಚು ದೇಶಗಳಲ್ಲಿ ನಡೆಸುತ್ತಿದೆ. ಬಹುಕಾಲ ಒಂದು ಯೋಜನೆಗೆ ಗರಿಷ್ಠ 50 ಸಾವಿರ ಡಾಲರ್ ಎಂಬ ಮಿತಿ ಇತ್ತು, ಕೊಡುವುದು ಅದಕ್ಕಿಂತ ಕಡಿಮೆಯೇ. ಬರೆಯಲು ಬಾರದ ಸಮುದಾಯಗಳಿಂದ ವಿಡಿಯೊ ಚಿತ್ರವನ್ನೇ ಅರ್ಜಿಯಾಗಿ ಸ್ವೀಕರಿಸಿದ ಹಿರಿಮೆಯೂ ಇದಕ್ಕಿದೆ. ಭಾರತದಲ್ಲಿ ಇದು ಪ್ರತಿ ಹಂತಕ್ಕೂ ಕೆಲವು ಪ್ರದೇಶಗಳನ್ನು ಆರಿಸಿಕೊಳ್ಳುವುದರಿಂದ ನಿಮ್ಮ ಜಿಲ್ಲೆ ಅದರಲ್ಲಿದೆಯೇ ಎಂದು ನೋಡಿಯೇ ಮುಂದುವರಿಯಿರಿ. ಅನುದಾನದಷ್ಟೇ ಪಾಲನ್ನು ಹಣ ಅಥವಾ ದುಡಿಮೆಯ ರೂಪದಲ್ಲಿ ಕೂಡಿಸುವುದನ್ನು ಇದು ನಿರೀಕ್ಷಿಸುತ್ತದೆ. ಅದಕ್ಕೆ ಹೆದರಬೇಕಿಲ್ಲ. ಹಾಡಿಯವರು ಹಾಕುವ ಆಳುದಿನಗಳನ್ನು ಸರ್ಕಾರಿ ಕೂಲಿ ದರದಲ್ಲಿ ಲೆಕ್ಕ ಹಾಕಿ, ಸಾಮಾನಿಡಲು ಕೊಡುವ ಕೋಣೆಯ ಬಾಡಿಗೆಯನ್ನೂ ಸೇರಿಸಿ. ನಮ್ಮ ಜನ ಬಿಟ್ಟಿಯಾಗಿ ದುಡಿದು ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಿಡಿಯಬೇಕು.

ಆದಿವಾಸಿಗಳಿಗೆಂದೇ ಇರುವುದು ಅಂತರರಾಷ್ಟ್ರೀಯ ಕೃಷಿ ಅಭಿವೃದ್ಧಿ ನಿಧಿಯ ಆದಿವಾಸಿ ನೆರವು ನಿಧಿ. ಯಾವ ಯೋಜನೆಗೆ ಹಣ ಕೊಡಬೇಕೆಂದು ತೀರ್ಮಾನಿಸುವ ಮಂಡಳಿಯಲ್ಲಿ ಆದಿವಾಸಿ ನಾಯಕರೇ ಹೆಚ್ಚು ಸಂಖ್ಯೆಯಲ್ಲಿದ್ದಾರೆ ಎಂಬುದು ಇದರ ವಿಶೇಷ. ಹಿಂದಿನ ಸುತ್ತುಗಳಲ್ಲಿ ಒಂದು ಯೋಜನೆಗೆ 20 ಸಾವಿರದಿಂದ 50 ಸಾವಿರ ಡಾಲರ್ ಕೊಟ್ಟಿದೆ. ಪ್ರತಿ ವರ್ಷ ಅರ್ಜಿ ಕರೆಯುವುದಿಲ್ಲ, ಮೂರು ನಾಲ್ಕು ವರ್ಷಕ್ಕೊಮ್ಮೆ. ಕರೆದಾಗ ಜಗತ್ತಿನಾದ್ಯಂತದಿಂದ ಅರ್ಜಿಗಳು ಬೀಳುತ್ತವೆ. ಸಿದ್ಧವಾಗಿದ್ದವರಿಗೆ ಮಾತ್ರ ಅದು ಒದಗುತ್ತದೆ.

ಹೊರದೇಶದ ಹಣಕ್ಕೆ ಆಸೆಪಡುವ ಮೊದಲು ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯನ್ನು ಸರಿಯಾಗಿ ತಿಳಿಯಿರಿ. ಎಫ್‌ಸಿಆರ್‌ಎ ಎಂದು ಕರೆಯುವ ಇದರ ನೋಂದಣಿಗೆ ಸಂಸ್ಥೆ ಮೂರು ವರ್ಷ ಹಳೆಯದಾಗಿರಬೇಕು, ಆ ಮೂರು ವರ್ಷದಲ್ಲಿ ಕನಿಷ್ಠ 15 ಲಕ್ಷ ರೂಪಾಯಿಯನ್ನು ತನ್ನ ಉದ್ದೇಶಕ್ಕೆ ಖರ್ಚು ಮಾಡಿರಬೇಕು. ಹಣ ಮೊದಲು ಬಂದು ಬೀಳಬೇಕಾದದ್ದು ಸ್ಟೇಟ್ ಬ್ಯಾಂಕಿನ ದೆಹಲಿ ಮುಖ್ಯ ಶಾಖೆಯ ಖಾತೆಗೆ. 2020ರ ತಿದ್ದುಪಡಿಯ ನಂತರ ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದಕ್ಕೆ ದಾಟಿಸುವಂತಿಲ್ಲ, ಆಡಳಿತಕ್ಕೆ ಶೇ 20ಕ್ಕಿಂತ ಹೆಚ್ಚು ಬಳಸುವಂತಿಲ್ಲ. ದಾಟಿಸುವಂತಿಲ್ಲ ಎಂಬ ಈ ನಿಯಮದಿಂದ ಹಾಡಿಗಳಿಗೆ ತುಂಬ ಪೆಟ್ಟು ಬಿದ್ದಿದೆ. ಮೊದಲಾದರೆ ದೊಡ್ಡ ಸಂಸ್ಥೆ ತಾನು ಪಡೆದದ್ದರಲ್ಲಿ ಒಂದೆರಡು ಲಕ್ಷವನ್ನು ಸಣ್ಣ ಸಂಘಕ್ಕೆ ಕೊಡುವ ದಾರಿಯಿತ್ತು. ವಿಶ್ವಸಂಸ್ಥೆ ಮತ್ತು ಅದರ ವಿಶೇಷ ಸಂಸ್ಥೆಗಳು ಈ ಕಾಯ್ದೆಯ ಕಣ್ಣಿನಲ್ಲಿ ವಿದೇಶಿ ಮೂಲವಲ್ಲ. ಆದರೆ ಅವುಗಳ ಹಣವೇ ಬೇರೆ ದೇಶದ ಸ್ವಯಂಸೇವಾ ಸಂಸ್ಥೆಯೊಂದರ ಮೂಲಕ ಬಂದರೆ ಆಗ ವಿದೇಶಿ ದೇಣಿಗೆಯಾಗಬಹುದು. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಹಣ ಯಾವ ಖಾತೆಯಿಂದ ಹೊರಡುತ್ತದೆ ಎಂದು ಕೇಳಿ, ಲೆಕ್ಕಪರಿಶೋಧಕರ ಅಭಿಪ್ರಾಯ ಪಡೆಯಿರಿ.

ಕಾಡಿನ ಕಾಲಮಾನ, ಕಂತಿನ ಕಾಲಮಾನ

ಹೆಜ್ಜೇನು ಕೊಯ್ಯುವುದು ಹೆಚ್ಚಾಗಿ ಏಪ್ರಿಲ್‌ನಿಂದ ಜೂನ್‌ವರೆಗೆ. ನೆಲ್ಲಿ ಚಳಿಗಾಲದ್ದು. ಮಾರ್ಚ್ ಕೊನೆಗೆ ಬಿಲ್ಲು ಮುಗಿಸಬೇಕೆಂಬ ಕಚೇರಿಯ ಲೆಕ್ಕಕ್ಕೆ ಇದು ಹೊಂದುವುದಿಲ್ಲ. ಜೇನಿನ ಡಬ್ಬಿಗೆ ಕೊಡಬೇಕಾದ ಮೊದಲ ಕಂತು ಜುಲೈಗೆ ಬಂದರೆ ಆ ವರ್ಷ ಮುಗಿದಂತೆ. ಆದ್ದರಿಂದ ಅರ್ಜಿಯಲ್ಲಿ ಒಂದು ಪುಟವನ್ನು ಹಾಡಿಯ ಪಂಚಾಂಗಕ್ಕೆ ಇಡಿ. ಯಾವ ತಿಂಗಳು ಏನು ಸಿಗುತ್ತದೆ, ಯಾವಾಗ ಜನ ಕೂಲಿಗೆ ಹೋಗಿರುತ್ತಾರೆ, ಮಳೆಗೆ ದಾರಿ ಯಾವಾಗ ಕಟ್ಟಿಹೋಗುತ್ತದೆ, ಹಬ್ಬ ಯಾವಾಗ ಎಂಬುದೆಲ್ಲ ಅದರಲ್ಲಿರಲಿ. ಅದರ ಪಕ್ಕದಲ್ಲೇ ಕಂತು ಯಾವ ತಿಂಗಳೊಳಗೆ ಬೇಕೆಂದು ಬರೆಯಿರಿ. ಅರ್ಜಿಗಳನ್ನು ಓದುವವರಿಗೆ ಈ ಒಂದು ಪುಟದಿಂದಲೇ ಇದು ಊರೊಳಗಿಂದ ಬಂದದ್ದೋ ಪಟ್ಟಣದಲ್ಲಿ ಕೂತು ಬರೆದದ್ದೋ ತಿಳಿದುಹೋಗುತ್ತದೆ.

ಉಳಿದದ್ದನ್ನು ಸರಳವಾಗಿ ಬರೆಯಿರಿ. ‘ಸಬಲೀಕರಣ’, ‘ಸುಸ್ಥಿರತೆ’ ಎಂಬ ಮಾತುಗಳನ್ನು ಹತ್ತು ಸಲ ಬರೆಯುವ ಬದಲು, 32 ಮನೆಗಳಲ್ಲಿ 18 ಮನೆಯವರು ಜೇನಿಗೆ ಹೋಗುತ್ತಾರೆ, ಪ್ಲಾಸ್ಟಿಕ್ ಕೊಡದಲ್ಲಿ ಇಡುವುದರಿಂದ ಹುಳಿಯುತ್ತದೆ, ದಲ್ಲಾಳಿ ಅರ್ಧ ಬೆಲೆ ಕೊಡುತ್ತಾನೆ ಎಂಬಂಥ ನಿಮ್ಮ ಹಾಡಿಯ ಲೆಕ್ಕ ಕೊಡಿ. ಆಹಾರ ಸುರಕ್ಷತಾ ಮಾನದಂಡದ ಪ್ರಕಾರ ಜೇನಿನಲ್ಲಿ ನೀರಿನಂಶ ಶೇ 20 ಮೀರುವಂತಿಲ್ಲ. ಮಳೆಗಾಲದ ಕಾಡುಜೇನು ಅದನ್ನು ಸುಲಭವಾಗಿ ಮೀರುತ್ತದೆ. ಹಾಗಾದರೆ ನೀರಿನಂಶ ಅಳೆಯುವ ಸಣ್ಣ ಸಾಧನ, ಸೋಸುವ ಬಟ್ಟೆ, ಆಹಾರಕ್ಕೆ ಬಳಸುವ ದರ್ಜೆಯ ಡಬ್ಬಿ, ತಂಪಾದ ಕೋಣೆ, ತರಬೇತಿಗೆ ಇಷ್ಟು ದಿನ, ಆಹಾರ ಸುರಕ್ಷತಾ ನೋಂದಣಿ ಎಂದು ಬಜೆಟ್ ತಾನಾಗಿ ಬೆಳೆಯುತ್ತದೆ. ಪ್ರತಿ ಸಾಲಿಗೂ ಎಷ್ಟು ಸಂಖ್ಯೆ, ಒಂದಕ್ಕೆ ಎಷ್ಟು ದರ ಎಂಬುದಿರಲಿ, ಅಂಗಡಿಯ ಕೊಟೇಶನ್ ಲಗತ್ತಿಸಿ. ಲೆಕ್ಕ ಬರೆಯುವವರ ಗೌರವಧನ, ಬ್ಯಾಂಕಿಗೆ ಹೋಗಿಬರುವ ಬಸ್ ಚಾರ್ಜು, ಆಡಿಟ್ ಶುಲ್ಕ ಇವನ್ನು ಮರೆಯಬೇಡಿ. ಇವನ್ನು ಬಿಟ್ಟು ಅರ್ಜಿ ಹಾಕಿ, ಕೊನೆಗೆ ಸಂಘದ ಕಾರ್ಯದರ್ಶಿ ಕೈಯಿಂದ ಹಾಕಿದ್ದನ್ನು ನೋಡಿದ್ದೇನೆ.

ಯಾವ ಯಂತ್ರವನ್ನಾದರೂ ಕೇಳುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಿ: ಇದಕ್ಕೆ ಬೇಕಾದ ಕರೆಂಟು ಇಲ್ಲಿದೆಯೇ, ಕೆಟ್ಟರೆ ರಿಪೇರಿ ಮಾಡುವವರು ತಾಲ್ಲೂಕಿನಲ್ಲಿ ಇದ್ದಾರೆಯೇ, ಹಣ ನಿಂತ ಮೇಲೆ ಇದನ್ನು ಓಡಿಸುವ ಖರ್ಚು ಎಲ್ಲಿಂದ? ಮಲೆಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಲಂಟಾನದ ಕಡ್ಡಿಯಿಂದ ಕುರ್ಚಿ, ಬುಟ್ಟಿ ಮಾಡುವ ಕೆಲಸ ಸುಮಾರು 20 ವರ್ಷಗಳ ಹಿಂದೆ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯ ನೆರವಿನಿಂದ ಶುರುವಾಯಿತು. ಕತ್ತಿ, ಬೇಯಿಸುವ ಹಂಡೆ, ಮೊಳೆ, ಸುತ್ತಿಗೆಯಲ್ಲಿ ಮುಗಿಯುವ ಕೆಲಸವದು. ಕಚ್ಚಾವಸ್ತು ಕಾಡನ್ನೇ ನುಂಗುತ್ತಿರುವ ಕಳೆ, ಬಿದಿರಿನ ಕಸುಬು ಗೊತ್ತಿದ್ದ ಕೈಗಳಿಗೆ ಅದು ಬೇಗ ಒಗ್ಗಿತು. ಕಿರು ಅನುದಾನಕ್ಕೆ ಇಂಥ ಕೆಲಸವೇ ಸರಿಯಾದ ಅಳತೆ.

ಹಣ ಬಂದ ಮೇಲೆ

ಖಾತೆಗೆ ಇಬ್ಬರ ಜಂಟಿ ಸಹಿ ಇರಲಿ, ಅವರಲ್ಲಿ ಒಬ್ಬರು ಹೆಂಗಸಾಗಿರಲಿ. ಬಂದ ಹಣ, ಖರ್ಚಾದದ್ದು, ಉಳಿದದ್ದು ಎಂದು ಮೂರು ಸಾಲನ್ನು ದೊಡ್ಡ ಅಕ್ಷರದಲ್ಲಿ ಸಮುದಾಯ ಭವನದ ಗೋಡೆಗೆ ಪ್ರತಿ ತಿಂಗಳು ಬರೆಯಿರಿ. ಓದಲು ಬಾರದವರಿಗೆ ಸಭೆಯಲ್ಲಿ ಓದಿ ಹೇಳಿ. ಬಿಲ್ಲಿಲ್ಲದ ಸಂತೆಯ ಖರ್ಚಿಗೆ ಅವತ್ತೇ ವೋಚರ್ ಬರೆದು ಸಹಿ ಹಾಕಿಸಿ, ನಾಳೆಗೆ ಬಿಟ್ಟದ್ದು ನೆನಪಿಗೆ ಬರುವುದಿಲ್ಲ. ಬಜೆಟ್ಟಿನ ಒಂದು ಬಾಬಿನ ಹಣವನ್ನು ಇನ್ನೊಂದಕ್ಕೆ ಖರ್ಚು ಮಾಡಬೇಕಾಗಿ ಬಂದರೆ ಮೊದಲು ಪತ್ರ ಬರೆದು ಒಪ್ಪಿಗೆ ಪಡೆಯಿರಿ. ದಾನಿಗಳು ಇದಕ್ಕೆ ಸಾಮಾನ್ಯವಾಗಿ ಇಲ್ಲ ಎನ್ನುವುದಿಲ್ಲ, ಹೇಳದೆ ಮಾಡಿದರೆ ಮಾತ್ರ ಕೋಪ ಮಾಡಿಕೊಳ್ಳುತ್ತಾರೆ. ಕೆಲಸ ಸೋತರೂ ಸೋತದ್ದನ್ನೇ ವರದಿಯಲ್ಲಿ ಬರೆಯಿರಿ. ಹಾಡಿಯ ಹಿರಿಯರ ಔಷಧಿ ಜ್ಞಾನ, ದೇವರ ತಾಣಗಳ ವಿವರವನ್ನು ವರದಿಗೆ ಸೇರಿಸುವ ಮೊದಲು ಅವರ ಒಪ್ಪಿಗೆ ಕೇಳಲೇಬೇಕು. ಪಾರಂಪರಿಕ ಜ್ಞಾನದ ಮೇಲೆ ಸಮುದಾಯಕ್ಕಿರುವ ಹಕ್ಕನ್ನು ಅರಣ್ಯ ಹಕ್ಕು ಕಾಯ್ದೆಯೇ ಹೇಳಿದೆ.

ಈ ಬರಹ ಓದುವವರಲ್ಲಿ ನಿವೃತ್ತ ಬ್ಯಾಂಕ್ ನೌಕರರು, ಮೇಷ್ಟ್ರುಗಳು, ಲೆಕ್ಕಪರಿಶೋಧಕರು ಇದ್ದೀರಿ. ಹುಣಸೂರು, ಪಿರಿಯಾಪಟ್ಟಣ, ಯಳಂದೂರು, ವಿರಾಜಪೇಟೆ, ಯಲ್ಲಾಪುರ, ಕಾರ್ಕಳ ಎಲ್ಲೇ ಇರಲಿ, ನಿಮ್ಮ ಮನೆಯಿಂದ ಒಂದು ಗಂಟೆಯ ದಾರಿಯಲ್ಲಿ ಲೆಕ್ಕದ ಪುಸ್ತಕ ತೆರೆದು ಕೂತು ಎಲ್ಲಿಂದ ಶುರುಮಾಡಲಿ ಎಂದು ತಿಳಿಯದ ಒಬ್ಬ ಹುಡುಗಿ ಇದ್ದಾಳೆ. ತಿಂಗಳಿಗೆ ಒಂದು ಸಂಜೆ ಅಲ್ಲಿಗೆ ಹೋಗಿ. ಪುಸ್ತಕವನ್ನು ನೀವು ಬರೆದುಕೊಡಬೇಡಿ, ಅವಳಿಂದಲೇ ಬರೆಸಿ.